ಅಪ್ಪನ ಲಾರಿ ಬಿಸಿಯಾಗದ ಚಳಿಗಾಲ

ಹೋದ ವಾರ ಕಡೂರಿನ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಯಾರೋ ಹಳೆಯ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದರು. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳ್ಳನೆಯ ಹೊಗೆ ರಸ್ತೆ ತುಂಬ ಹರಡಿ, ಪೂರ್ತಿ ಉರಿಯದ ಡೀಸೆಲ್ಲಿನ ವಾಸನೆ ಕಣ್ಣಿಗೆ ಚುರುಗುಟ್ಟಿತು. ಪಕ್ಕದಲ್ಲಿದ್ದ ಹೆಂಗಸರು ಸೆರಗನ್ನು ಮೂಗಿಗೆ ಹಿಡಿದರು. ನನಗೆ ಬಂದದ್ದು ಸಿಟ್ಟು. ಟ್ರ್ಯಾಕ್ಟರಿನವನ ಮೇಲಲ್ಲ. ನಾಲ್ಕು ವರ್ಷದ ಹಿಂದೆ ಒಂದು ಚಳಿಗಾಲದಲ್ಲಿ ನಮ್ಮಪ್ಪ ಇದೇ ವಾಸನೆಯನ್ನು ಅಂಗಿಗೆ ಹತ್ತಿಸಿಕೊಂಡು ಮನೆಗೆ ಬರುತ್ತಿದ್ದ. ಆ ವಾಸನೆ ಯಾಕೆ ಬರುತ್ತಿದೆ ಎಂದು ಚೆನ್ನಾಗಿ ಗೊತ್ತಿದ್ದ ಒಬ್ಬ ಮನುಷ್ಯ, ಅದನ್ನು ಮುಚ್ಚಿಟ್ಟು, ನಮ್ಮಪ್ಪನನ್ನು ಕಳ್ಳ ಅನ್ನಿಸಿದ. ಸಿಟ್ಟು ಅವನ ಮೇಲೆ. ಅದು ಇನ್ನೂ ಆರಿಲ್ಲ ಎಂದು ಆ ಹೊಗೆಯಲ್ಲಿ ನಿಂತಾಗ ಗೊತ್ತಾಯಿತು. ಆರಲಿ ಎಂಬ ಆಸೆಯೂ ನನಗಿಲ್ಲ.

ಅಪ್ಪ ಚಂದ್ರಪ್ಪ ಲಾರಿ ಡ್ರೈವರ್. ಅಜ್ಜಂಪುರದಲ್ಲಿ ಈರುಳ್ಳಿ, ಕೊಬ್ಬರಿ ವ್ಯಾಪಾರ ಮಾಡುವ ಮಲ್ಲಣ್ಣನವರ ಹತ್ತಿರ, ಅವರ ತಂದೆಯ ಕಾಲದಿಂದ, ಮೂವತ್ತು ವರ್ಷ ದುಡಿದವನು. ಆ ಮನೆಯಲ್ಲಿ ಮೂರು ಲಾರಿಗಳಿದ್ದವು. ಅಪ್ಪ ಓಡಿಸುತ್ತಿದ್ದದ್ದು ಎಲ್ಲಕ್ಕಿಂತ ಹಳೆಯದನ್ನು. ಮೂತಿ ಮುಂದಕ್ಕೆ ಚಾಚಿಕೊಂಡ, ದುಂಡು ಬಾನೆಟ್ಟಿನ ಲಾರಿ ಅದು. ಮಲ್ಲಣ್ಣನವರ ಅಜ್ಜ ಕೊಂಡದ್ದು. ಎಷ್ಟೋ ವರ್ಷ ಗೋದಾಮಿನ ಹಿಂದೆ ಬಿದ್ದಿದ್ದ ಅದನ್ನು ಮಲ್ಲಣ್ಣನವರು ಆಸೆಪಟ್ಟು ರಿಪೇರಿ ಮಾಡಿಸಿ, ಹಸಿರು ಬಣ್ಣ ಹೊಡೆಸಿ, ಬಾಗಿಲ ಮೇಲೆ ಅಜ್ಜನ ಹೆಸರು ಬರೆಸಿದ್ದರು. ಅದು ತರೀಕೆರೆಗೋ ಬೀರೂರಿಗೋ ಹೋದರೆ ಜನ ಅಂಗಡಿಯಿಂದ ಹೊರಗೆ ಬಂದು ನೋಡುತ್ತಿದ್ದರು. ಅದನ್ನು ಓಡಿಸಲು ಬೇರೆಯವರ ಕೈಗೆ ಕೊಡಲು ಮಲ್ಲಣ್ಣನವರಿಗೆ ಧೈರ್ಯವಿರಲಿಲ್ಲ. ಗೇರ್ ಹಾಕುವಾಗ ಎರಡು ಸಲ ಕ್ಲಚ್ ಒತ್ತುವ ಕಾಲದ ಡ್ರೈವರುಗಳಲ್ಲಿ ಉಳಿದಿದ್ದವನು ನಮ್ಮಪ್ಪನೊಬ್ಬನೇ.

ಆ ವರ್ಷದ ಬೇಸಿಗೆಯಲ್ಲಿ ಕೆಮ್ಮಣ್ಣುಗುಂಡಿ ಕಡೆಯ ಒಂದು ಹೋಮ್‌ಸ್ಟೇಗೆ ಹೆಂಚು ಹೊತ್ತುಕೊಂಡು ಘಾಟಿ ಹತ್ತುವಾಗ ಲಾರಿಯ ನೀರು ಕುದಿಯಿತು. ಮಲ್ಲಣ್ಣನವರು ಅದನ್ನು ಕಡೂರಿನ ಷಣ್ಮುಖ ಮೇಸ್ತ್ರಿಯ ಗ್ಯಾರೇಜಿಗೆ ಕಳಿಸಿದರು. ಹಳೆಯ ಇಂಜಿನ್ ಅಂದರೆ ಸುತ್ತಲ ಊರಿನವರಿಗೆಲ್ಲ ಷಣ್ಮುಖನೇ. ಎರಡು ದಿನ ಬಿಟ್ಟು ಅಪ್ಪ ಲಾರಿ ತರಲು ಹೋದಾಗ ಅವನು ಕೈ ಒರೆಸಿಕೊಳ್ಳುತ್ತಾ ಹೇಳಿದನಂತೆ, "ರೇಡಿಯೇಟರ್ ಬಿಚ್ಚಿ ತೊಳ್ದಿದೀನಿ ಚಂದ್ರಣ್ಣ, ಇನ್ನು ಈ ಜನ್ಮದಲ್ಲಿ ಕುದಿಯಲ್ಲ." ನಿಜಕ್ಕೂ ಕುದಿಯಲಿಲ್ಲ. ಮಲ್ಲಣ್ಣನವರು ಎಲ್ಲರ ಮುಂದೆ ಮೇಸ್ತ್ರಿಯನ್ನು ಹೊಗಳಿದರು.

ದೀಪಾವಳಿ ಕಳೆದು ಚಳಿ ಬಿತ್ತು. ಲಾರಿಯ ಗುಣ ಬದಲಾಯಿತು. ಶಾಖ ತೋರಿಸುವ ಮೀಟರಿನ ಮುಳ್ಳು ತಳ ಬಿಟ್ಟು ಏಳುತ್ತಲೇ ಇರಲಿಲ್ಲ. ಅಜ್ಜಂಪುರದಿಂದ ತರೀಕೆರೆ ಮುಟ್ಟಿದರೂ ಹೊಗೆ ಬೆಳ್ಳಗೇ ಬರುತ್ತಿತ್ತು. ಏರಿನಲ್ಲಿ ಎಳೆಯುತ್ತಿರಲಿಲ್ಲ. ಲೀಟರಿಗೆ ಐದು ಕಿಲೋಮೀಟರ್ ಹೋಗುತ್ತಿದ್ದದ್ದು ನಾಲ್ಕಕ್ಕೆ ಇಳಿಯಿತು. ಒಂದು ದಿನ ಅಜ್ಜಂಪುರದ ಮಂಡಿಯ ಅಂಗಳದಲ್ಲಿ, ಹಮಾಲರು ಮೂಟೆ ಇಳಿಸುತ್ತಿದ್ದಾಗ, ಅಪ್ಪ ಮಲ್ಲಣ್ಣನವರಿಗೆ ಇದನ್ನು ಹೇಳಿದ. ಇನ್ನೊಂದು ಲಾರಿ ನೋಡಲು ಬಂದಿದ್ದ ಷಣ್ಮುಖನೂ ಅಲ್ಲೇ ಇದ್ದ.

"ಸಾವ್ಕಾರ್ರೇ, ಇಂಜಿನ್ ಕಾಯ್ತಾನೇ ಇಲ್ಲ. ಆಯಿಲ್ ಕಡ್ಡಿ ತೆಗೆದ್ರೆ ಆಯಿಲ್ ಕಮ್ಮಿ ಆಗೋ ಬದ್ಲು ಮೇಲಕ್ಕೆ ಬಂದಿರ್ತದೆ. ಡೀಸೆಲ್ ವಾಸ್ನೆ ಹೊಡೀತದೆ."

ಷಣ್ಮುಖ ನಕ್ಕ. "ಎಲ್ಲಾ ಡ್ರೈವರ್ರೂ ಇಂಜಿನ್ ಕಾಯ್ತದೆ ಅಂತ ಅಳ್ತಾರೆ, ಇವ್ನು ಕಾಯಲ್ಲ ಅಂತ ಅಳ್ತಾವ್ನೆ. ತಣ್ಣಗಿದ್ರೆ ಇಂಜಿನ್‌ಗೆ ಆಯಸ್ಸು ಕಣಯ್ಯ. ಮೀಟ್ರು ಕೆಟ್ಟೈತೆ, ಅಷ್ಟೆ."

ಹಮಾಲರೂ ನಕ್ಕರು. ಅಪ್ಪ ಬಿಡಲಿಲ್ಲ. "ಮೀಟ್ರು ಕೆಟ್ಟಿದ್ರೆ ಡೀಸೆಲ್ ಯಾಕೆ ಇಷ್ಟು ಕುಡೀತದೆ ಮೇಸ್ತ್ರಿ?"

ಆಗ ಷಣ್ಮುಖ ಮಲ್ಲಣ್ಣನವರ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಡೀಸೆಲ್ಲನ್ನ ಇಂಜಿನ್ನೇ ಕುಡೀತೋ ಇನ್ಯಾರಾದ್ರೂ ಇಳಿಸ್ಕೊಂಡ್ರೋ, ನಾನು ಹೆಂಗೆ ಹೇಳ್ಲಿ. ಒಂದ್ಸಲ ಸೀಟಿನ ಹಿಂದೆ ನೋಡಿ."

ಸೀಟಿನ ಹಿಂದೆ ಒಂದು ಕ್ಯಾನೂ ಮಾರುದ್ದದ ಪೈಪೂ ಇದ್ದವು. ಕ್ಯಾನು ರೇಡಿಯೇಟರಿಗೆ ನೀರು ಹಾಕುವುದಕ್ಕೆ. ಪೈಪು ಯಾವ ಲಾರಿಯಲ್ಲಿ ಇರುವುದಿಲ್ಲ? ಮಲ್ಲಣ್ಣನವರು ಕ್ಯಾನಿನ ಮೂತಿಗೆ ಮೂಗು ಹಿಡಿದು ನೋಡಿದರಂತೆ. ಡೀಸೆಲ್ ಲಾರಿಯಲ್ಲಿ ಮೂರು ವರ್ಷದಿಂದ ಇದ್ದ ಕ್ಯಾನಿನಿಂದ ಇನ್ನೇನು ವಾಸನೆ ಬರಬೇಕು. "ಕೀ ಕೊಡು ಚಂದ್ರಣ್ಣ" ಅಂದರು. ಅಷ್ಟೇ. ಅಪ್ಪ ಕೀ ಕೊಟ್ಟು ಬಸ್ಸು ಹತ್ತಿದ.

ನಮ್ಮೂರು ಅಮೃತಾಪುರದ ಪಕ್ಕ. ಅಪ್ಪ ಬರುವುದಕ್ಕೆ ಮುಂಚೆಯೇ ಸುದ್ದಿ ಬಂದಿತ್ತು. ನಾನು ಊರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡಿ ಬರೆದುಕೊಳ್ಳುವ ಕೆಲಸದಲ್ಲಿದ್ದೆ, ಈಗಲೂ ಇದ್ದೇನೆ. ಮಾರನೆಯ ಬೆಳಿಗ್ಗೆ ಸಾಲಿನಲ್ಲಿ ನಿಂತಿದ್ದ ಒಬ್ಬ, "ಮೂವತ್ತು ವರ್ಷ ಲಾರಿಗೆ ಕುಡಿಸಿದಾನೆ, ತಾನೂ ಒಂದು ಗುಟುಕು ಹಾಕಿರ್ತಾನೆ ಬಿಡ್ರಪ್ಪಾ" ಅಂದ. ಸಾಲು ನಕ್ಕಿತು. ಅವನ ಹಾಲಿನಲ್ಲಿ ದಿನವೂ ಒಂದಿಷ್ಟು ನೀರು ಇರುತ್ತಿತ್ತು, ನಾನು ನೋಡಿಯೂ ನೋಡದ ಹಾಗೆ ಇರುತ್ತಿದ್ದೆ. ಅವತ್ತು ಎಲ್ಲರ ಮುಂದೆ ಅಳತೆ ತೋರಿಸಿ ಕ್ಯಾನು ವಾಪಸ್ ಕಳಿಸಿದೆ. ಮನಸ್ಸಿಗೆ ಹಿತವಾಯಿತು. ಆ ಹಿತದ ರುಚಿ ಹತ್ತಿದ್ದು ಅವತ್ತೇ ಇರಬೇಕು.

ಅಪ್ಪ ಮನೆಯಲ್ಲಿ ಕೂತ. ಮೇಲಿನ ಬೀದಿಯಲ್ಲಿ ಹೋಗುವುದನ್ನು ಬಿಟ್ಟು ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೊಲಕ್ಕೆ ಹೋಗತೊಡಗಿದ. ಅವ್ವ ಏನು ಕೇಳಿದರೂ "ಹೂಂ" ಅನ್ನುತ್ತಿದ್ದ. ಇಂಜಿನ್ ಬಗ್ಗೆ ಕೇಳಿದರೆ ಮಾತ್ರ ಬಾಯಿ ಬಿಡುತ್ತಿದ್ದ. ಹಾಗಾಗಿ ನಾನು ಅದನ್ನೇ ಕೇಳುತ್ತಿದ್ದೆ.

"ಕಾಯದೇ ಇದ್ರೆ ಏನಾಗ್ತದಪ್ಪಾ?"

"ಡೀಸೆಲ್ ಉರಿಯಕ್ಕೆ ಒಳಗೆ ಶಾಖ ಬೇಕು ಮಗಾ. ಶಾಖ ಇಲ್ದಿದ್ರೆ ಅರ್ಧ ಉರೀತದೆ, ಮಿಕ್ಕಿದ್ದು ಹೊಗೆಯಾಗಿ ಹೋಗ್ತದೆ, ಇಲ್ಲಾ ಗೋಡೆ ಹಿಡ್ಕೊಂಡು ಇಳಿದು ಆಯಿಲ್‌ಗೆ ಸೇರ್ತದೆ. ಇಂಜಿನ್ನಿಂದ ರೇಡಿಯೇಟರ್‌ಗೆ ನೀರು ಹೋಗೋ ಬಾಯಲ್ಲಿ ಒಂದು ವಾಲ್ವ್ ಇರ್ತದೆ. ನೀರು ಕಾಯೋ ತನಕ ಅದು ಮುಚ್ಕೊಂಡಿರ್ತದೆ, ಎಂಬತ್ತು ಡಿಗ್ರಿ ಹತ್ರ ಬಂದಾಗ ತೆರ್ಕೊಳ್ತದೆ. ಅದು ತೆರ್ಕೊಂಡೇ ನಿಂತೈತೋ ಏನೋ. ಬಿಚ್ಚಿ ನೋಡ್ಬೇಕಿತ್ತು, ಬಿಡಲಿಲ್ವಲ್ಲ."

ಸಂಕ್ರಾಂತಿಗೆ ಇನ್ನೂ ಹತ್ತು ದಿನವಿರುವಾಗ ನಾಗರಾಜ ಮನೆಗೆ ಬಂದ. ಅಪ್ಪನ ಜಾಗಕ್ಕೆ ಮಲ್ಲಣ್ಣನವರು ಹಾಕಿಕೊಂಡಿದ್ದ ಹೊಸ ಡ್ರೈವರ್ ಅವನು, ಬೀರೂರಿನ ಕಡೆಯವನು. ಜಗಲಿಯ ತುದಿಯಲ್ಲಿ ಕೂತು, ಸಂಕೋಚದಿಂದ ಹೇಳಿದ. "ಚಂದ್ರಣ್ಣ, ನಂಗೂ ನಾಲ್ಕರ ಮೇಲೆ ಬರ್ತಾ ಇಲ್ಲ. ಸಾವ್ಕಾರ್ರು ನನ್ನೂ ಹಂಗೇ ನೋಡ್ತಾವ್ರೆ. ಮೇಸ್ತ್ರಿ ಏನಂತಾರೆ ಗೊತ್ತಾ? ಹಳೇ ಡ್ರೈವರ್ ಕೆಲ್ಸ ಹೋಗ್ತದೆ ಅಂತ ಗೊತ್ತಾಗಿ ಇಂಜಿನ್ ಹಾಳು ಮಾಡಿ ಹೋದ ಅಂತ."

ಅಪ್ಪ ತಲೆ ತಗ್ಗಿಸಿದ. ಕಳ್ಳ ಎಂದು ಹೇಳಿಸಿದ್ದು ಸಾಲದೆ ಇದೂ ಒಂದು. ನಾನೇ ನಾಗರಾಜನಿಗೆ ಹೇಳಿದೆ: ಭಾನುವಾರ ತರೀಕೆರೆಗೆ ಲೋಡು ಒಯ್ಯುವಾಗ ನಮ್ಮೂರ ಕ್ರಾಸಿನಲ್ಲಿ ನಿಲ್ಲಿಸು, ಒಂದು ಗಂಟೆ ಸಾಕು.

ಅಪ್ಪ ಬರುವುದಿಲ್ಲ ಅಂದ. ನಾನು ಡೈರಿಯ ಥರ್ಮಾಮೀಟರ್, ಸಣ್ಣ ಗ್ಯಾಸ್ ಸ್ಟವ್, ಒಂದು ಪಾತ್ರೆ ತೆಗೆದುಕೊಂಡು ಹೊರಟಾಗ, ಸ್ಪ್ಯಾನರ್ ಚೀಲ ಹಿಡಿದು ಹಿಂದೆ ಬಂದ.

ಲಾರಿ ಲೋಡು ಹೊತ್ತುಕೊಂಡು ಅಜ್ಜಂಪುರದಿಂದ ಬಂದು ನಿಂತಿತು. ಮುಳ್ಳು ತಳದಲ್ಲೇ. ನಾಗರಾಜ ರೇಡಿಯೇಟರಿನ ಮುಚ್ಚಳ ತೆಗೆದ. ನಾನು ಥರ್ಮಾಮೀಟರ್ ಇಳಿಬಿಟ್ಟೆ. ನಲವತ್ತಾರು. ಡೈರಿಯಲ್ಲಿ ಕ್ಯಾನು ತೊಳೆಯುವ ನೀರು ಇದಕ್ಕಿಂತ ಬಿಸಿ ಇರುತ್ತದೆ. ಆದರೂ ಮೀಟರ್ ಕೆಟ್ಟಿದೆ ಎಂಬ ಮಾತಿಗೆ ಉತ್ತರ ಬೇಕಿತ್ತು. ಅಪ್ಪ ಮೀಟರಿನ ತಂತಿಯ ತುದಿಯ ಹಿತ್ತಾಳೆ ಗುಂಡನ್ನು ಇಂಜಿನ್ನಿನಿಂದ ಬಿಚ್ಚಿ, ಸ್ಟವ್ ಮೇಲೆ ಕುದಿಯುತ್ತಿದ್ದ ನೀರಿಗೆ ಅದ್ದಿದ. ಕ್ಯಾಬಿನ್ನಿನಿಂದ ನಾಗರಾಜ ಹೇಳಿದ, "ಎದ್ದೇಳ್ತೈತೆ ಚಂದ್ರಣ್ಣ. ಕೆಂಪು ಮುಟ್ತು." ಮೀಟರ್ ಸರಿಯಾಗಿತ್ತು. ಅಷ್ಟು ದಿನವೂ ಅದು ನಿಜವನ್ನೇ ತೋರಿಸುತ್ತಿತ್ತು.

ಗುಂಡನ್ನು ವಾಪಸ್ ಹಾಕಿ ಇಂಜಿನ್ ಆರಲು ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದೆವು. ಅಪ್ಪ ನನ್ನ ಕೈ ಹಿಡಿದು ರೇಡಿಯೇಟರಿಗೆ ಹೋಗುವ ಮೇಲಿನ ಪೈಪಿನ ಮೇಲೆ ಇಟ್ಟ. "ವಾಲ್ವ್ ಸರಿ ಇದ್ರೆ ಇದು ಬಹಳ ಹೊತ್ತು ತಣ್ಣಗಿದ್ದು, ಆಮೇಲೆ ಒಂದೇ ಸಲ ಬಿಸಿ ಆಗ್ಬೇಕು." ಪೈಪು ಮೊದಲಿನಿಂದಲೇ ಇಂಜಿನ್ನಿನ ಜೊತೆಜೊತೆಗೆ ಉಗುರುಬೆಚ್ಚಗಾಗುತ್ತಾ ಬಂತು. ನೀರಿಗೆ ತಡೆಯೇ ಇರಲಿಲ್ಲ.

ಕೊನೆಗೆ ವಾಲ್ವ್ ಕೂರುವ ಮನೆಯ ಬೋಲ್ಟ್ ಬಿಚ್ಚಿದ. ಮುಚ್ಚಳ ಎತ್ತಿದ. ಒಳಗೆ ಬೆರಳು ಹಾಕಿ ಸುತ್ತಲೂ ಸವರಿದ. ಮತ್ತೊಮ್ಮೆ ಸವರಿದ.

"ಏನಪ್ಪಾ, ತೆರ್ಕೊಂಡೇ ನಿಂತೈತಾ?"

"ಇಲ್ಲ."

"ಮತ್ತೆ?"

"ವಾಲ್ವೇ ಇಲ್ಲ."

ಮುರಿದಿರಲಿಲ್ಲ, ತೆಗೆದಿದ್ದರು. ಮುಚ್ಚಳದ ಅಂಚಿಗೆ ಹೊಸ ಪ್ಯಾಕಿಂಗ್ ಇಟ್ಟು ಕೆಂಪು ಗಮ್ಮು ಹಚ್ಚಿದ್ದರು. ಆಮೇಲೆ ಅಪ್ಪ ರೇಡಿಯೇಟರಿನ ಬಾಯಿಗೆ ಬೆರಳು ಹಾಕಿದ. ಕೆಸರಿನಂಥ ತುಕ್ಕು ಬಂತು. ಅದನ್ನು ಯಾರೂ ತೊಳೆದಿರಲಿಲ್ಲ. ಬೇಸಿಗೆಯಲ್ಲಿ ಷಣ್ಮುಖ ಮಾಡಿದ್ದು ಇಷ್ಟು: ರೇಡಿಯೇಟರ್ ಬಿಚ್ಚುವ ಕಷ್ಟ ಬೇಡವೆಂದು ವಾಲ್ವ್ ಕಿತ್ತು ಎಸೆದಿದ್ದ. ನೀರು ತಡೆಯಿಲ್ಲದೆ ಹರಿದು ಲಾರಿ ಕುದಿಯುವುದು ನಿಂತಿತು. ಚಳಿಗಾಲ ಬಂದಾಗ ಇಂಜಿನ್ ಕಾಯುವುದೂ ನಿಂತಿತು.

ನಾನು ಮೊಬೈಲಿನಲ್ಲಿ ಎಲ್ಲದರ ಫೋಟೋ ತೆಗೆದೆ. ಅಪ್ಪ ಮುಚ್ಚಳವನ್ನು ಮೊದಲಿನ ಹಾಗೇ ಕೂರಿಸಿ, ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಅಂಗೈ ನೋಡಿಕೊಳ್ಳುತ್ತಿದ್ದ. ಅವನ ಮುಖದಲ್ಲಿ ಸಮಾಧಾನವಿತ್ತು. ನನಗಿರಲಿಲ್ಲ. ಮಂಡಿಯ ಅಂಗಳ, ಹಮಾಲರು, ಅದರ ನಡುವೆ ಷಣ್ಮುಖನ ಮುಖ, ಇಷ್ಟೇ ನನ್ನ ಕಣ್ಣಿಗೆ ಬರುತ್ತಿದ್ದದ್ದು.

ನಾಗರಾಜ ಯಾರಿಗೂ ಹೇಳುವುದಿಲ್ಲ ಅಂದಿದ್ದ. ಆದರೂ ಮಂಗಳವಾರ ಮಧ್ಯಾಹ್ನ ಷಣ್ಮುಖನ ಬೈಕು ನಮ್ಮ ಮನೆ ಮುಂದೆ ನಿಂತಿತು. ಅವ್ವ ನೀರು ಕೊಟ್ಟಳು. ಅವನು ಕುಡಿಯದೆ ಲೋಟ ಹಿಡಿದೇ ಕೂತ. ಆಮೇಲೆ ಜೇಬಿನಿಂದ ಕಾಗದದಲ್ಲಿ ಸುತ್ತಿದ ಹೊಸ ವಾಲ್ವ್ ತೆಗೆದು ಜಗಲಿಯ ಮೇಲಿಟ್ಟ.

"ತಪ್ಪಾಗೈತೆ ಚಂದ್ರಣ್ಣ. ಅವತ್ತು ಕೆಲ್ಸ ಜಾಸ್ತಿ ಇತ್ತು. ಆಮೇಲೆ ಹಾಕಿದ್ರಾಯ್ತು ಅಂತ ಬಿಟ್ಟೆ, ಮರ್ತೋಯ್ತು."

"ಅಪ್ಪ ಮಂಡೀಲಿ ಹೇಳ್ದಾಗ ನೆನಪಾಗ್ಲಿಲ್ವಾ?" ಅಂದೆ.

ಅವನು ನನ್ನ ಕಡೆ ನೋಡಲಿಲ್ಲ. "ನೆನಪಾಯ್ತಮ್ಮಾ. ಒಪ್ಕೊಂಡಿದ್ರೆ ಸಾವ್ಕಾರ್ರು ಮೂರು ಗಾಡೀನೂ ಬೇರೆ ಕಡೆ ಕಳಿಸ್ತಿದ್ರು. ಅವ್ರು ಕಳಿಸಿದ್ರೆ ಮಿಕ್ಕಿದೋರೂ ಕಳಿಸ್ತಿದ್ರು." ಅಪ್ಪನ ಕಡೆ ಬಗ್ಗಿದ. "ಸದ್ದಿಲ್ದೆ ಇದನ್ನ ಹಾಕ್ಬಿಡ್ತೀನಿ. ಮೀಟ್ರಿಂದೇ ತೊಂದ್ರೆ ಇತ್ತು, ಚಂದ್ರಣ್ಣಂದು ಏನೂ ಇಲ್ಲ ಅಂತ ನಾನೇ ಸಾವ್ಕಾರ್ರಿಗೆ ಹೇಳ್ತೀನಿ. ನಾಳೆಯಿಂದ ಕೆಲ್ಸಕ್ಕೆ ಬಾ."

ಅಪ್ಪ ವಾಲ್ವನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಅಲ್ಲೇ ಇಟ್ಟ. ಆಮೇಲೆ ನನ್ನ ಕಡೆ ತಿರುಗಿ, "ಹೋಗ್ಲಿ ಬಿಡು ವನಜಾ, ಅವ್ನಿಗೂ ಸಂಸಾರ ಐತೆ" ಅಂದ.

"ನಿಂಗಿರಲಿಲ್ವಾ?"

ನಾನು ವಾಲ್ವನ್ನು ಎತ್ತಿ ಷಣ್ಮುಖನ ಕೈಗೆ ಕೊಟ್ಟೆ. "ಸದ್ದಿಲ್ದೆ ಆಗಲ್ಲ ಮೇಸ್ತ್ರಿ. ಸದ್ದು ಮಾಡೇ ನಮ್ಮಪ್ಪನ್ನ ಕಳ್ಳ ಅಂದ್ರಲ್ಲ. ಗುರುವಾರ ಅಜ್ಜಂಪುರಕ್ಕೆ ಬನ್ನಿ." ಅವನು ಕೈ ಮುಗಿದ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಅದನ್ನು ನೋಡಿ ನನಗೆ ಕನಿಕರ ಬರಬೇಕಿತ್ತೇನೋ. ಬರಲಿಲ್ಲ. ಬಾಗಿಲು ಮುಚ್ಚಿದೆ. ಅವ್ವ ನನ್ನನ್ನೇ ನೋಡುತ್ತಾ, "ಇಷ್ಟು ಗಟ್ಟಿ ಯಾವಾಗಾದೆಯೇ ನೀನು" ಅಂದಳು. ಅದು ಮೆಚ್ಚುಗೆಯೋ ಬೈಗುಳವೋ ಇವತ್ತಿಗೂ ತಿಳಿಯದು.

ಗುರುವಾರ ಮಂಡಿಯಲ್ಲಿ ಜನವಿತ್ತು. ಡೈರಿಗೆ ರಜೆ ಹಾಕಿ ಹೋದೆ. ಅಪ್ಪನನ್ನೂ ಎಳೆದುಕೊಂಡು ಹೋದೆ. ಮಲ್ಲಣ್ಣನವರು ಗದ್ದಿಗೆಯ ಮೇಲಿದ್ದರು. "ಸಾವ್ಕಾರ್ರೇ, ಹತ್ತು ನಿಮಿಷ ಲಾರಿ ಹತ್ರ ಬನ್ನಿ. ಮೇಸ್ತ್ರೀನೂ ಕರೆಸಿ" ಅಂದೆ. ಅವರು ಹುಬ್ಬು ಗಂಟಿಕ್ಕಿದರೂ ಫೋನ್ ಮಾಡಿದರು. ಷಣ್ಮುಖ ಬರದೆ ಇರಲು ಆಗಲಿಲ್ಲ. ಅವನು ಬಂದು ಇಳಿದ ಮೇಲೆಯೇ ನಾಗರಾಜ ಮುಚ್ಚಳ ಬಿಚ್ಚಿದ. ಖಾಲಿ ಬಾಯಿಯನ್ನು ಮಲ್ಲಣ್ಣನವರು ಬಗ್ಗಿ ನೋಡಿದರು. ಪಕ್ಕದ ಹೋಟೆಲಿನ ಒಲೆಯ ಮೇಲೆ ಕುದಿಯುತ್ತಿದ್ದ ನೀರಿನಲ್ಲಿ ಮೀಟರಿನ ಗುಂಡು ಅದ್ದಿ ಮುಳ್ಳು ಏಳುವುದನ್ನೂ ತೋರಿಸಿದೆ. ಮೂಟೆ ಹೊತ್ತಿದ್ದವರೂ ಇಳಿಸಿ ನಿಂತರು.

"ಇಷ್ಟು ಹಳೇ ಗಾಡಿಗೆ ವಾಲ್ವ್ ಇಲ್ದಿದ್ರೂ ನಡೀತದೆ ಸಾವ್ಕಾರ್ರೇ" ಅಂದ ಷಣ್ಮುಖ. "ನಮ್ ಕಡೆ ಎಲ್ಲಾ ತೆಗೆದೇ ಓಡಿಸ್ತಾರೆ. ಅದಕ್ಕೂ ಡೀಸೆಲ್ಲಿಗೂ ಸಂಬಂಧ ಇಲ್ಲ."

ಅವನು ಹೀಗೆ ಹೇಳಲಿ ಎಂದೇ ನಾನು ಕಾದಿದ್ದೆ. "ಸಂಬಂಧ ಇಲ್ದಿದ್ರೆ, ಮಂಗಳವಾರ ನಮ್ಮನೆಗೆ ಹೊಸ ವಾಲ್ವ್ ಜೇಬಲ್ಲಿ ಇಟ್ಕೊಂಡು ಯಾಕೆ ಬಂದ್ರಿ ಮೇಸ್ತ್ರಿ? ಸದ್ದಿಲ್ದೆ ಹಾಕ್ಬಿಡ್ತೀನಿ ಅಂತ ಯಾಕಂದ್ರಿ?"

ಷಣ್ಮುಖನ ಕೈ ತಾನಾಗಿ ಜೇಬಿನ ಕಡೆ ಹೋಯಿತು. ಅದು ಅಲ್ಲೇ ಇತ್ತು, ಅಂಗಿಯ ಮೇಲೆ ಉಬ್ಬಿ ಕಾಣುತ್ತಿತ್ತು. ಮಲ್ಲಣ್ಣನವರು ಅದನ್ನು ನೋಡಿದರು. "ತೆಗಿ" ಅಂದರು. ಅವನು ತೆಗೆದುಕೊಟ್ಟ.

ನಾನು ಅಲ್ಲಿಗೂ ಬಿಡಲಿಲ್ಲ. ಅವತ್ತು ಎಷ್ಟು ಜೋರಾಗಿ ಹೇಳಿದ್ದನೋ ಅಷ್ಟೇ ಜೋರಾಗಿ ಹೇಳಬೇಕು ಅಂದೆ. ಷಣ್ಮುಖ ನೆಲ ನೋಡುತ್ತಾ, "ಚಂದ್ರಣ್ಣ ಡೀಸೆಲ್ ಕದ್ದಿಲ್ಲ" ಅಂದ. ಹಿಂದೆ ನಿಂತವರಿಗೆ ಕೇಳಿಸಲಿಲ್ಲ ಅಂದೆ. ಮತ್ತೆ ಹೇಳಿದ, ಈ ಸಲ ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಮಲ್ಲಣ್ಣನವರ ಕಡೆ ತಿರುಗಿದೆ. ಅವರಿಗೆ ಅರ್ಥವಾಯಿತು. "ನಾನೂ ದುಡುಕಿದೆ ಚಂದ್ರಣ್ಣ" ಅಂದರು. ನಂಬಿಕಸ್ಥ ಮನುಷ್ಯನೊಬ್ಬನ ಸೀಟಿನ ಹಿಂದೆ ಕೈ ಹಾಕಿದವರು ಅಷ್ಟಾದರೂ ಹೇಳಿದರು.

ಅಪ್ಪ ಅಲ್ಲೇ ರೇಡಿಯೇಟರ್ ಇಳಿಸಿದ. ಅದನ್ನು ತರೀಕೆರೆಗೆ ಕಳಿಸಿ ತೊಳೆಸಿ, ವಾಲ್ವನ್ನು ತಾನೇ ಕೂರಿಸಿ, ಆಯಿಲ್ ಬದಲಿಸಿದ. ಎರಡು ವಾರ ನಾಗರಾಜ ಓಡಿಸಿದ. ಮುಳ್ಳು ಮಧ್ಯಕ್ಕೆ ಬಂದು ನಿಂತಿತು, ಹೊಗೆ ಹೋಯಿತು, ಲೀಟರಿಗೆ ಮತ್ತೆ ಐದು ಬಂತು. ಮಲ್ಲಣ್ಣನವರು ನಮ್ಮ ಮನೆಗೇ ಬಂದು ಕೀ ಕೊಟ್ಟರು.

ಅಪ್ಪ ಕೀ ತೆಗೆದುಕೊಂಡು ಒಂದೇ ಒಂದು ಟ್ರಿಪ್ ಹೋದ. ಕೊಬ್ಬರಿ ಹಾಕಿಕೊಂಡು ಕಡೂರಿಗೆ. ಇಳಿಸಿದ ಮೇಲೆ ಲಾರಿಯನ್ನು ನೇರ ಷಣ್ಮುಖನ ಗ್ಯಾರೇಜಿನ ಮುಂದೆ ತಂದು ನಿಲ್ಲಿಸಿ, ಇಂಜಿನ್ ಆರಿಸದೆ ಬಾನೆಟ್ ಎತ್ತಿದನಂತೆ. ಷಣ್ಮುಖ ಹೊರಗೆ ಬಂದ. "ಪೈಪಿನ ಮೇಲೆ ಕೈ ಇಡು ಮೇಸ್ತ್ರಿ" ಅಂದನಂತೆ ಅಪ್ಪ. ಅವನು ಇಟ್ಟ, ತಕ್ಷಣ ತೆಗೆದ. "ಇಡು. ನಾನು ಹೇಳೋ ತನಕ ಇಡು." ಷಣ್ಮುಖ ಮತ್ತೆ ಇಟ್ಟು, ಹಲ್ಲು ಕಚ್ಚಿಕೊಂಡು ನಿಂತನಂತೆ. ಅಪ್ಪ ಹತ್ತರ ತನಕ ಎಣಿಸಿ, "ಇದು ಕಾದಿರೋ ಇಂಜಿನ್" ಅಂದು ಬಾನೆಟ್ ಇಳಿಸಿ ಬಂದುಬಿಟ್ಟ.

ಇದನ್ನು ನನಗೆ ಹೇಳಿದವನು ಅಪ್ಪನೇ, ಊಟ ಮಾಡುತ್ತಾ. ಆವತ್ತು ಇನ್ನೊಂದು ಮುದ್ದೆ ಹಾಕಿಸಿಕೊಂಡ. ಅಷ್ಟು ದಿನ ನಾನು ಅವನನ್ನು ಕ್ಷಮಿಸುವ ಮನುಷ್ಯ ಅಂದುಕೊಂಡಿದ್ದೆ. ನನ್ನ ಸಿಟ್ಟು ಎಲ್ಲಿಂದ ಬಂತು ಎಂದು ಅವತ್ತು ತಿಳಿಯಿತು.

ಮಾರನೆಯ ದಿನ ಅಪ್ಪ ಅಜ್ಜಂಪುರಕ್ಕೆ ಹೋಗಿ ಕೀ ವಾಪಸ್ ಕೊಟ್ಟ. ಮಲ್ಲಣ್ಣನವರು ಯಾಕೆ ಎಂದು ಕೇಳಿದ್ದಕ್ಕೆ, "ನೀವು ಕ್ಯಾನು ಮೂಸಿ ನೋಡಿದ್ದು ಮರೆಯಕ್ಕಾಗ್ತಿಲ್ಲ ಸಾವ್ಕಾರ್ರೇ" ಅಂದು ಬಂದ. ಈಗ ಹೊಲ ನೋಡಿಕೊಂಡಿದ್ದಾನೆ. ಮೇಲಿನ ಬೀದಿಯಲ್ಲೇ ಹೋಗುತ್ತಾನೆ. ಲಾರಿ ನಾಗರಾಜನ ಕೈಯಲ್ಲಿದೆ.

ಷಣ್ಮುಖನ ಗ್ಯಾರೇಜಿಗೆ ಲಾರಿಗಳು ಬರುವುದು ಒಂದೊಂದಾಗಿ ನಿಂತಿತು. ವರ್ಷ ತುಂಬುವುದರೊಳಗೆ ಗ್ಯಾರೇಜಿನ ಬಾಗಿಲು ಎಳೆದ. ಅದಾದ ಮೇಲೆ ಒಂದು ಬೆಳಿಗ್ಗೆ, ನಾನು ಡೈರಿಯಲ್ಲಿರುವಾಗ, ತರೀಕೆರೆಯ ಒಂದು ಗ್ಯಾರೇಜಿನ ಯಜಮಾನರು ಫೋನ್ ಮಾಡಿದರು. ಷಣ್ಮುಖ ಅವರ ಹತ್ತಿರ ಕೆಲಸ ಕೇಳಿಕೊಂಡು ಬಂದಿದ್ದನಂತೆ. ಹಳೆಯ ವಿಷಯ ಅವರ ಕಿವಿಗೂ ಬಿದ್ದಿತ್ತು.

"ನಿಮ್ಮಪ್ಪನ್ನ ಕೇಳಿದ್ರೆ, ನನ್ನ ಮಗಳನ್ನ ಕೇಳಿ ಅಂದ್ರಮ್ಮಾ. ಅದಕ್ಕೆ ನಿಮಗೇ ಮಾಡ್ದೆ. ಒಂದು ಮಾತು ಹೇಳಿ, ಅವನಿಗೆ ಕೆಲಸ ಗೊತ್ತಾ? ಪಾಪ, ವಯಸ್ಸಾಗೈತೆ, ಗೊತ್ತಿಲ್ದೆ ಏನೋ ಮಾಡಿರ್ಬೋದು ಅಂತ ನಾನು ಅನ್ಕೊಂಡೆ."

ಹಾಲಿನ ಸಾಲು ಕಾಯುತ್ತಿತ್ತು. ಗೊತ್ತಿಲ್ಲದೆ ಮಾಡಿದ ಅಂದಿದ್ದರೆ ಅವನಿಗೆ ಕೆಲಸ ಸಿಗುತ್ತಿತ್ತು. ಅಷ್ಟು ಸುಳ್ಳು ಹೇಳುವುದು ಕಷ್ಟವಾಗಿರಲಿಲ್ಲ.

"ಕೆಲಸ ಚೆನ್ನಾಗಿ ಗೊತ್ತು ಅವ್ರಿಗೆ" ಅಂದೆ. "ಈ ಸುತ್ತಿನಲ್ಲಿ ಅಷ್ಟು ಗೊತ್ತಿರೋರು ಇನ್ನೊಬ್ರಿಲ್ಲ. ಎಲ್ಲಾ ಗೊತ್ತಿದ್ದೇ ಮಾಡಿದ್ದು."

ಅವರು "ಸರಿ ತಾಯಿ" ಅಂದು ಫೋನ್ ಇಟ್ಟರು. ಅವನಿಗೆ ಕೆಲಸ ಕೊಟ್ಟರೋ ಇಲ್ಲವೋ ನಾನು ವಿಚಾರಿಸಲಿಲ್ಲ. ಮುಂದಿನ ಕ್ಯಾನು ಕೊಡಿ ಅಂದೆ.